ಪೊರ್ಫಿಯಾದಾಳ ಬಾಲದ ಕೂದಲು

ತಕ್ವರೆಂಬೊ ಊರಿನಿಂದ ಉತ್ತರಕ್ಕಿರುವ ನಮ್ಮ ಕಲ್ಲುಬಯಲಿನಲ್ಲಿ ತಳಿ ದನ ಕೊಳ್ಳಲು ಬಂದವರು ಕಾಗದಪತ್ರ ಕೇಳುವ ಮೊದಲು ಒಂದು ಪ್ರಶ್ನೆ ಕೇಳುತ್ತಿದ್ದರು: "ತೆಚೇರಾ ಏನಂದ?" ಬ್ರೌಲಿಯೊ ತೆಚೇರಾ, ಈ ಕಡಸು ಇಂಥ ಹಸುವಿನ ಮಗಳು, ಇಂಥ ಹೋರಿಗೆ ಹುಟ್ಟಿದ್ದು ಎಂದರೆ ಅಲ್ಲಿಗೆ ಮುಗಿಯಿತು. ಲಾಸ್ ತಲಾಸ್ ಎಂಬ ತಳಿಮನೆಯ ಹಿಂಡಿನ ಮೇಸ್ತ್ರಿಯಾಗಿ ಅವನಿಗೆ ಮೂವತ್ತೆಂಟು ವರ್ಷ. ಅಂಗಿಯ ಜೇಬಿನಲ್ಲಿ ಸದಾ ಒಂದು ಮೇಣಬಟ್ಟೆ ಹೊದಿಕೆಯ ನೋಟ್‌ಬುಕ್ಕು, ಅದಕ್ಕೆ ದಾರ ಕಟ್ಟಿದ ಮೋಟು ಪೆನ್ಸಿಲ್ಲು. ಕರು ನೆಲಕ್ಕೆ ಬಿದ್ದ ಗಳಿಗೆಯಲ್ಲೇ ತಾಯಿ, ತಂದೆ, ದಿನ, ತೂಕ ಬರೆದುಬಿಡುತ್ತಿದ್ದ. ಪಾದ್ರಿಯ ಜ್ಞಾನಸ್ನಾನದ ಪುಸ್ತಕದಲ್ಲಿ ತಪ್ಪಿದ್ದರೂ ಇದ್ದೀತು, ತೆಚೇರಾನ ಬುಕ್ಕಿನಲ್ಲಿ ಇರದು ಎಂದು ಜನ ನಗಾಡುತ್ತಿದ್ದರು.

ಅದರಲ್ಲಿ ಒಂದು ತಪ್ಪಿತ್ತು. ಒಂದೇ ಒಂದು. ಹನ್ನೊಂದು ವರ್ಷದಿಂದ ಅವನು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಓಡಾಡುತ್ತಿದ್ದ.

ನಮ್ಮ ಕಡೆ ಸೆಪ್ಟೆಂಬರೆಂದರೆ ಚಳಿಗಾಲದ ಕೊನೆ; ಆ ವರ್ಷ ಹಿಮ ಬಿಡದೆ ಬಿತ್ತು. ಯಜಮಾನ ದೋನ್ ಅನ್ಸೆಲ್ಮೊ ಹೃದಯದ ಕಾಯಿಲೆಯಿಂದ ಆಸ್ಪತ್ರೆಯಲ್ಲಿದ್ದ. ಅವನ ಕಣ್ಮಣಿಯಾಗಿದ್ದ ಸೆರೇನಾ ಎಂಬ ಹಸು ಈದಿತು. ಕರು ಬೆಳಗಾಗುವಷ್ಟರಲ್ಲಿ ಸೆಟೆದುಕೊಂಡಿತ್ತು. ಸೆರೇನಾ ಮುದಿಯಾಗಿದ್ದಳು, ಅದೇ ಅವಳ ಕೊನೆಯ ಕರು. ಅದೇ ದಿನ ಆಚೆ ಬಯಲಿನಲ್ಲಿ, ಮಾಂಸಕ್ಕೆಂದು ಸಾಕಿದ ಸಾಮಾನ್ಯ ಹಿಂಡಿನ ಸೊಟ್ಟಕೊಂಬಿನ ಹಸುವೊಂದು ಈದು, ಜೌಗಿನಲ್ಲಿ ಹೂತುಕೊಂಡು ಸತ್ತಿತು. ಅದರ ಹೆಣ್ಣುಕರು ದಡದಲ್ಲಿ ನಡುಗುತ್ತ ನಿಂತಿತ್ತು. ಇಂಥ ಹೊತ್ತಿನಲ್ಲಿ ನಮ್ಮ ಕಡೆ ಯಾರಾದರೂ ಮಾಡುವುದನ್ನೇ ಬ್ರೌಲಿಯೊ ಮಾಡಿದ. ಸತ್ತ ಕರುವಿನ ತೊಗಲು ಸುಲಿದು, ನಾಲ್ಕು ಕಾಲಿಗೆ ತೂತು ಬಿಟ್ಟು, ತಬ್ಬಲಿಯ ಮೈಮೇಲೆ ಅಂಗಿಯಂತೆ ಹೊದಿಸಿ ಕಟ್ಟಿದ. ಸೆರೇನಾ ಮೂಸಿ ನೋಡಿದಳು. ತನ್ನ ಕರುವಿನ ವಾಸನೆಯೇ. ಕೆಚ್ಚಲು ಕೊಟ್ಟಳು. ಮೂರನೆಯ ದಿನ ತೊಗಲು ಬಿಚ್ಚಿದರೂ ಅವಳಿಗೆ ಅದು ತನ್ನದೇ ಕರುವಾಗಿತ್ತು.

ನಾಲ್ಕನೆಯ ದಿನ ದೋನ್ ಅನ್ಸೆಲ್ಮೊ ಆಸ್ಪತ್ರೆಯಿಂದ ನೇರ ಬೇಲಿಯ ಪಕ್ಕಕ್ಕೇ ಬಂದ. ಗಾಡಿಯಿಂದ ಇಳಿಯುವ ತ್ರಾಣವಿರಲಿಲ್ಲ. ಗಾಜು ಇಳಿಸಿ ನೋಡಿದ. ಸೆರೇನಾ ಕರುವನ್ನು ನೆಕ್ಕುತ್ತಿದ್ದಳು.

"ಹೆಣ್ಣಾ?" ಎಂದ.

"ಹೆಣ್ಣು, ಪತ್ರೋನ್," ಎಂದ ಬ್ರೌಲಿಯೊ.

ಆಡಿದ್ದು ಅಷ್ಟೇ, ಅದೂ ನಿಜವೇ. ಮುದುಕನ ಬಿಳಚಿದ ಮುಖ ಅರಳಿತು. ಕೆಚ್ಚಲಿಗೆ ತಲೆ ತೂರಿಸುತ್ತ ತಾಯಿಯನ್ನೇ ದಬ್ಬುತ್ತಿದ್ದ ಕರುವನ್ನು ನೋಡಿ ನಕ್ಕು, "ಹಟಮಾರಿ, ಪೊರ್ಫಿಯಾದಾ ಅಂತ ಬರ್ಕೊ," ಎಂದ. ಬ್ರೌಲಿಯೊ ಬರೆದುಕೊಂಡ. ಮುದುಕ ಚೇತರಿಸಿಕೊಂಡ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದ. ಮುದುಕ ಚೇತರಿಸಿಕೊಳ್ಳಲಿಲ್ಲ. ನವೆಂಬರಿನಲ್ಲಿ ಮಣ್ಣು ಮಾಡಿದರು. ಬುಕ್ಕಿನಲ್ಲಿ 'ತಾಯಿ: ಸೆರೇನಾ' ಎಂದಿದ್ದದ್ದು ಹಾಗೇ ಉಳಿಯಿತು. ಅಲ್ಲಿಂದ ತಳಿಸಂಘದ ದಫ್ತರಕ್ಕೂ ಹೋಯಿತು.

ಪೊರ್ಫಿಯಾದಾ ಒಂಬತ್ತು ವರ್ಷದಲ್ಲಿ ಒಂಬತ್ತು ಕರು ಹಾಕಿದಳು. ಯಾರೂ ಕೈ ಹಚ್ಚಿ ಎಳೆದದ್ದಿಲ್ಲ, ಒಂದು ವರ್ಷವೂ ಬರಡು ನಿಂತದ್ದಿಲ್ಲ. ಹುಲ್ಲು ಸುಟ್ಟುಹೋದ ಬೇಸಿಗೆಯಲ್ಲೂ ಅವಳ ಮೈ ಇಳಿಯುತ್ತಿರಲಿಲ್ಲ. ಅವಳ ಹೆಣ್ಣುಮಕ್ಕಳೂ ಹಾಗೆಯೇ. "ಸೆರೇನಾಳ ರಕ್ತ ಕಣಯ್ಯಾ," ಎಂದು ಕೊಳ್ಳುವವರು ತಲೆದೂಗುತ್ತಿದ್ದರು. ಬ್ರೌಲಿಯೊ ಆಗ ಸೋರೆಬುರುಡೆಯ ಯೆರ್ಬಾ ಕಷಾಯವನ್ನು ಹೀರಿಕೊಳ್ಳುತ್ತ ಬೇರೆ ಕಡೆ ನೋಡುತ್ತಿದ್ದ.

ಈಗ ತಳಿಮನೆ ನಡೆಸುತ್ತಿರುವವಳು ಮುದುಕನ ಮಗಳು ಗ್ರಾಸಿಯೇಲಾ. ಅವಳನ್ನು ಮೊದಲ ಬಾರಿಗೆ ಕುದುರೆ ಹತ್ತಿಸಿದವನೇ ಬ್ರೌಲಿಯೊ; ಆಗ ಅವಳು ಅವನ ಬಾಯಲ್ಲಿ 'ಗುರೀಸಾ', ಪುಟ್ಟ ಹುಡುಗಿ. ಕೃಷಿ ಓದಿ ಬಂದ ಮೇಲೆ 'ಪತ್ರೋನಾ', ಯಜಮಾನಿ ಆದಳು. ಹೋದ ಡಿಸೆಂಬರಿನಲ್ಲಿ ಅವಳು ಕೆಲಸದವರ ಅಡುಗೆಮನೆಗೆ ಬಂದು ಒಂದು ಕಟ್ಟು ಕಾರ್ಡುಗಳನ್ನು ಮೇಜಿನ ಮೇಲಿಟ್ಟಳು.

"ದೋನ್ ಬ್ರೌಲಿಯೊ, ಇನ್ಮೇಲೆ ಕಣ್ಣಂದಾಜಲ್ಲಿ ಹಸು ಇಟ್ಕೊಳ್ಳೋದು, ಮಾರೋದು ಬೇಡ. ಮೂವತ್ತು ತಾಯಿಹಸುಗಳ ಬಾಲದ ಕೂದಲು ಬುಡ ಸಮೇತ ಕಿತ್ತು ಈ ಕಾರ್ಡಿಗೆ ಅಂಟಿಸಿ ಕಳ್ಸೋದು. ಜೀನ್ ಪರೀಕ್ಷೆ. ಸತ್ತ ಹಸು, ಹೋರಿಗಳ ಮಾದರಿ ತಳಿಸಂಘದಲ್ಲಿ ಇದ್ದೇ ಇದೆ. ಅಪ್ಪ ಅಮ್ಮ ಯಾರು, ಈಯೋದು ಸಲೀಸಾ, ಗಬ್ಬ ನಿಲ್ಲುತ್ತಾ, ಮಾಂಸ ಹೆಂಗೆ, ಎಲ್ಲ ಬರುತ್ತೆ."

"ಅಪ್ಪ ಅಮ್ಮ ಯಾರು ಅಂತ ನನ್ ಬುಕ್ಕಲ್ಲೇ ಐತಲ್ಲ, ಪತ್ರೋನಾ."

"ಇದೆ. ನಿಮ್ಮ ಬುಕ್ಕು ಸರಿ ಅಂತ ಹೊರಗಿನೋರಿಗೆ ತೋರ್ಸೋಕೇ ಇದು. ಬ್ರೆಜಿಲಿಂದ ಬರೋರಿಗೆ 'ತೆಚೇರಾ ಅಂದ' ಅಂದ್ರೆ ಏನು ಗೊತ್ತಾಗುತ್ತೆ?"

ಬ್ರೌಲಿಯೊ ನಗಲು ನೋಡಿದ. ಕಾರ್ಡುಗಳ ಜೊತೆಗಿದ್ದ ಹಸುಗಳ ಪಟ್ಟಿ ಎಳೆದುಕೊಂಡು ಓದಿದ. ಪಟ್ಟಿಯಲ್ಲಿ ಏಳನೆಯ ಹೆಸರು ಪೊರ್ಫಿಯಾದಾ. ಅವಳ ಹೆಣ್ಣುಮಕ್ಕಳಾರೂ ಅದರಲ್ಲಿರಲಿಲ್ಲ.

ಅವನ ಹೆಂಡತಿ ದೆಯೋಲಿಂದಾಳಿಗೆ ಮಾತ್ರ ಈ ಸಂಗತಿ ಗೊತ್ತಿತ್ತು. ತೊಗಲು ಸುಲಿದ ದಿನ ರಕ್ತದ ಅಂಗಿ ಒಗೆದವಳು ಅವಳೇ. ಸಂಜೆ ಕುರಿಮಾಂಸದ ಸಾರು ಬಡಿಸುತ್ತ ಗಂಡನ ಮುಖ ನೋಡಿ, "ಕುಂಬಳಕಾಯಿ ಕಳ್ಳ ಅನ್ನೋಕೆ ಮುಂಚೇನೇ ಹೆಗಲು ಮುಟ್ಕೊತಿದ್ದೀಯಲ್ಲ ಮುದುಕಪ್ಪಾ," ಎಂದಳು.

"ಎಲ್ಲಾ ಬರುತ್ತಂತೆ ಕಣೆ, ಕೂದಲಲ್ಲಿ."

"ಬರ್ಲಿ. ಅದಕ್ಕೂ ಮುಂಚೆ ನೀನೇ ಹೋಗಿ ಹೇಳ್ಬಿಡು. ನೀನೇನು ದನ ಕದ್ದಿಲ್ಲ."

"ಅವಳ ಅಪ್ಪ ಸಾಯೋವಾಗ ಖುಷಿಪಟ್ಟಿದ್ದು ಅದೊಂದಕ್ಕೇನೆ. ಅದೂ ಸುಳ್ಳು ಅಂತ ಹೆಂಗ್ ಹೇಳ್ಲಿ?"

"ಅವಳಿಗೆ ನೋವಾಗ್ತದೆ ಅಂತನೋ, ನಿನ್ ಹೆಸರು ಹೋಗ್ತದೆ ಅಂತನೋ?"

ಬ್ರೌಲಿಯೊ ರೊಟ್ಟಿ ಮುರಿದು ಸಾರಿಗೆ ಹಾಕಿದ, ತಿನ್ನಲಿಲ್ಲ. ಹೆಂಡತಿಯ ಪ್ರಶ್ನೆಗೆ ಉತ್ತರ ಅವನಿಗೂ ಗೊತ್ತಿತ್ತು. ಮೂವತ್ತೆಂಟು ವರ್ಷದಲ್ಲಿ ಅವನು ಗಳಿಸಿದ್ದು ಅದೊಂದೇ. ಹೊಲವಿಲ್ಲ, ಸ್ವಂತ ಮನೆಯಿಲ್ಲ, ಓದು ನಾಲ್ಕನೇ ತರಗತಿ. ಅವನ ಮಾತು ನಡೆಯುತ್ತದೆ ಎಂಬುದೇ ಅವನ ಆಸ್ತಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವನದು ಆಡದೆ ಕೆಟ್ಟ ಮಾತು.

ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಅವನು ಒಂದು ಉಪಾಯ ಹುಡುಕಿದ. ಮನೆಯ ಹಿಂದಿನ ಸಣ್ಣ ಹುಲ್ಲುಗಾವಲಿನಲ್ಲಿ ಮಾರ್ಕೇಸಾ ಎಂಬ ಹಸುವಿತ್ತು. ಪೊರ್ಫಿಯಾದಾಳಿಗಿಂತ ಒಂದು ವರ್ಷಕ್ಕೆ ದೊಡ್ಡದು. ಸೆರೇನಾಳ ನಿಜವಾದ ಮಗಳು, ಬುಕ್ಕಿನಲ್ಲಿ ಪೊರ್ಫಿಯಾದಾಳಿಗೆ ಯಾವ ಹೋರಿ ತಂದೆಯೆಂದಿತ್ತೋ ಅದೇ ಹೋರಿಗೆ ಹುಟ್ಟಿದ್ದು. ಎರಡು ಬಾರಿ ಕರು ಅಡ್ಡ ಸಿಕ್ಕಿ ಸತ್ತು, ಆಮೇಲೆ ಗಬ್ಬ ನಿಲ್ಲದೆ, ಗೊರಸೂ ಕೆಟ್ಟು ಹಿಂಡಿನಿಂದ ಹೊರಬಿದ್ದಿತ್ತು. ಸೆರೇನಾಳ ಮಗಳೆಂಬ ಗೌರವಕ್ಕೆ ಅದನ್ನು ಮಾರದೆ ಇಟ್ಟುಕೊಂಡಿದ್ದರು, ಅಷ್ಟೆ. ಪರೀಕ್ಷೆಯ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ.

ಕೂದಲು ಕೀಳುವ ದಿನ ಬೆಳಗ್ಗೆ ಬ್ರೌಲಿಯೊ ಮಾರ್ಕೇಸಾಳ ಬಾಲದ ಕುಚ್ಚಿನಿಂದ ಒಂದು ಹಿಡಿ ಕಿತ್ತು, ಯೆರ್ಬಾ ಕಟ್ಟಿದ್ದ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ನಮ್ಮ ಹೆರೆಫರ್ಡ್ ತಳಿಯ ದನಗಳ ಬಾಲದ ಕುಚ್ಚು ಎಲ್ಲಕ್ಕೂ ಬಿಳಿಯೇ. ನೋಡಿ ಗುರುತಿಸುವವರು ಯಾರು? ಹಸುಗಳನ್ನು ಇಕ್ಕಟ್ಟಿನ ಓಣಿಗೆ ಹೊಗಿಸಿ ಒಂದೊಂದಾಗಿ ನಿಲ್ಲಿಸಿದರು. ಪಶುವೈದ್ಯೆ ಕಾರ್ಡು ಹಿಡಿದು ನಂಬರು ಕೂಗುತ್ತಿದ್ದಳು. ಬ್ರೌಲಿಯೊ ಕಿತ್ತು ಕೊಡುತ್ತಿದ್ದ. ಪೊರ್ಫಿಯಾದಾಳ ಸರದಿ ಬಂದಾಗ ಅವಳ ಬಾಲಕ್ಕೆ ಕೈ ಹಾಕಿದವನು, ಬೆನ್ನು ತಿರುಗಿಸಿ, ಜೇಬಿನದನ್ನು ಕೊಟ್ಟ.

"ಬುಡ ಚೆನ್ನಾಗಿ ಬಂದಿದೆ," ಎಂದಳು ಡಾಕ್ಟರಮ್ಮ.

ಆ ದಿನವೆಲ್ಲ ಅವನ ಬಲಗೈ ಬೆರಳುಗಳು ತಣ್ಣಗಿದ್ದವು. ಬಿಸಿಲು ಮಾತ್ರ ತಲೆ ಸೀಳುವಂತಿತ್ತು.

ಜನವರಿಯ ಕೊನೆಗೆ ಗ್ರಾಸಿಯೇಲಾ ಕಾಗದ ಹಿಡಿದು ಕೊಟ್ಟಿಗೆಗೆ ಓಡಿಕೊಂಡೇ ಬಂದಳು. "ಮೂವತ್ತಕ್ಕೆ ಮೂವತ್ತೂ ಸರಿ, ದೋನ್ ಬ್ರೌಲಿಯೊ. ಅಪ್ಪ ಅಮ್ಮ ಒಂದೂ ತಪ್ಪಿಲ್ಲ. ಬೇರೆ ತಳಿಮನೇಲಿ ನೂರಕ್ಕೆ ಹತ್ತು ತಪ್ಪು ಬಂದ್ರೂ ಪರವಾಗಿಲ್ಲ ಅಂತಾರಂತೆ. ನಿಮ್ಮ ಬುಕ್ಕಿಗೆ ಚೌಕಟ್ಟು ಹಾಕಿಸ್ಬೇಕು." ಅವಳು ಅವನ ಭುಜ ತಬ್ಬಿದಳು.

ಆಮೇಲೆ ಅವಳು ಎರಡನೆಯ ಹಾಳೆ ತೆಗೆದಳು. "ಒಂಬತ್ತು ಹಸು ಹೊರಡ್ಬೇಕು. ಮಾರ್ಚಲ್ಲಿ, ಕರು ಬಿಡಿಸಿದ ಮೇಲೆ, ಕಸಾಯಿಖಾನೆ ಲಾರಿಗೆ. ಪೊರ್ಫಿಯಾದಾನೂ ಇದೆ. ನಂಗೂ ಮೊದಲು ನಂಬಕ್ಕಾಗ್ಲಿಲ್ಲ. ಓದ್ತೀನಿ ಕೇಳಿ: ಈಯೋದು ಕಷ್ಟ, ಗಬ್ಬ ಸುಲಭಕ್ಕೆ ನಿಲ್ಲಲ್ಲ, ಗೊರಸು ಬೇಗ ಕೆಡುತ್ತೆ."

ಅಕ್ಷರ ಅಕ್ಷರವೂ ಮಾರ್ಕೇಸಾ. ಊರಾಚೆ ಎಲ್ಲೋ ಕುಳಿತು, ಹಸುವಿನ ಮುಖವನ್ನೇ ನೋಡದವರು ಹತ್ತು ಕೂದಲಿನಲ್ಲಿ ಅವಳ ಹಣೆಬರಹವನ್ನೆಲ್ಲ ಓದಿಬಿಟ್ಟಿದ್ದರು. ಬ್ರೌಲಿಯೊ ಆ ಹಾಳೆಯನ್ನೇ ನೋಡಿದ. ಕೂದಲು ಸುಳ್ಳು ಹೇಳಿರಲಿಲ್ಲ. ಹೇಳಿದವನು ತಾನು.

"ಒಂಬತ್ತು ಕರು ಹಾಕಿದಾಳಲ್ಲ, ಪತ್ರೋನಾ. ಇರ್ಲಿ ಬಿಡಿ."

"ಅದೇ ನಂಗೂ ಬಗೆಹರೀತಿಲ್ಲ. ನಿಮಗೆ ಅನುಮಾನ ಇದ್ರೆ ಹೇಳಿ, ಇನ್ನೊಂದ್ಸಲ ಕೂದಲು ಕಳ್ಸೋಣ. ಅವಳದ್ದು, ಅವಳ ಹೆಣ್ಣುಮಕ್ಕಳದ್ದು, ಎಲ್ಲಾ. ಅನುಮಾನ ಇಲ್ಲ ಅಂದ್ರೆ ಕನಿಕರಕ್ಕೆ ಇಟ್ಕೊಳ್ಳಕ್ಕಾಗಲ್ಲ. ಕನಿಕರಕ್ಕೆ ಇಟ್ಟ ಹಸು ಎರಡು ಹಸುವಿನ ಹುಲ್ಲು ತಿನ್ನುತ್ತೆ ಅಂತ ಕಲಿಸಿದ್ದು ನೀವೇ."

ಮತ್ತೆ ಕಳಿಸಿದರೆ ಎಲ್ಲ ಹೊರಗೆ. ಕಳಿಸದಿದ್ದರೆ ಲಾರಿ. ಬಾಯಲ್ಲಿ ಬಿಸಿತುಪ್ಪ.

"ಅನುಮಾನ ಇಲ್ಲ," ಎಂದ.

ಈ ಮನುಷ್ಯನ ಮೇಲೆ ನನಗೆ ಎಷ್ಟೇ ಪ್ರೀತಿಯಿದ್ದರೂ ಆ ಎರಡು ಪದಗಳನ್ನು ಕ್ಷಮಿಸಲು ಆಗುವುದಿಲ್ಲ. ತಬ್ಬಲಿಗೆ ತೊಗಲು ಹೊದಿಸಿದ್ದು ಜೀವ ಉಳಿಸಲಿಕ್ಕೆ. ಇದು ಅದೇ ಜೀವವನ್ನು ತನ್ನ ಹೆಸರಿಗಾಗಿ ಲಾರಿಗೆ ಹಾಕುವುದು. ಅವನಿಗೂ ಅದು ಗೊತ್ತಿತ್ತು. ಫೆಬ್ರುವರಿಯೆಲ್ಲ ಅವನು ಸುಮ್ಮಸುಮ್ಮನೆ ಸಿಡುಕಿದ, ಕೆಲಸದವರ ಮೇಲೆ ಹಾರಾಡಿದ, ಎರಡು ಬಾರಿ ಗ್ರಾಸಿಯೇಲಾಳ ಮನೆಯ ಬಾಗಿಲವರೆಗೆ ಹೋಗಿ ಉಪ್ಪಿನ ಮೂಟೆಯ ಮಾತಾಡಿ ಹಿಂದಿರುಗಿದ. ಒಂದು ಬೆಳಗ್ಗೆ ಪೊರ್ಫಿಯಾದಾಳನ್ನು ನೋಡುತ್ತ ನಿಂತಾಗ ಇನ್ನೊಂದು ಸಂಗತಿ ಹೊಳೆಯಿತು: ಡಿಸೆಂಬರಿನಲ್ಲಿ ಹೋರಿಯ ಬೀಜ ಕೊಡಿಸಿದ ಮೇಲೆ ಅವಳು ಮತ್ತೆ ಬೆದೆಗೆ ಬಂದಿರಲಿಲ್ಲ. ಲಾರಿಯ ಪಟ್ಟಿಯಲ್ಲಿರುವ ಹಸುವಿನ ಗಬ್ಬವನ್ನು ಯಾರು ಪರೀಕ್ಷಿಸುತ್ತಾರೆ? ಅವನಿಗೆ ಮಾತ್ರ ತಿಳಿದಿತ್ತು, ಅವಳ ಹೊಟ್ಟೆಯಲ್ಲಿ ಹತ್ತನೆಯದು ಇತ್ತು.

ಅದನ್ನು ದೆಯೋಲಿಂದಾಳಿಗೆ ಹೇಳಿದ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ನಂಗ್ಯಾಕೆ ಹೇಳ್ತೀಯ? ಲಾರಿ ನಂದಾ?" ಎಂದಳು.

ಮಾರ್ಚಿನ ಹದಿನೇಳನೆಯ ದಿನ ಲಾರಿ ಬಂತು. ಕರುಗಳನ್ನು ಅಗಲಿಸಿ ಎರಡು ದಿನವಾಗಿತ್ತು. ಆಚೆ ದೊಡ್ಡಿಯಿಂದ ಅವುಗಳ ಕೂಗು ಇನ್ನೂ ನಿಂತಿರಲಿಲ್ಲ. ಎಂಟು ಹಸುಗಳು ಹಲಗೆಯ ಮೇಲೆ ಟಪಟಪ ಸದ್ದು ಮಾಡುತ್ತ ಹತ್ತಿದವು. ಒಂಬತ್ತನೆಯದು ಹತ್ತಲಿಲ್ಲ. ಪೊರ್ಫಿಯಾದಾ ಹಲಗೆಯ ಬುಡದಲ್ಲಿ ಮುಂಗಾಲು ಊರಿ, ತಲೆ ತಗ್ಗಿಸಿ ನಿಂತುಬಿಟ್ಟಳು. ಕೆಲಸದವರು ದಬ್ಬಿದರು, ಕೂಗಿದರು. ಲಾರಿಯವನು ಕರೆಂಟು ಕೋಲು ತೆಗೆದುಕೊಂಡು ಇಳಿದ.

"ಮುಟ್ಬೇಡ ಅವಳನ್ನ," ಎಂದ ಬ್ರೌಲಿಯೊ.

"ಮತ್ತೆ ನೀವೇ ಹೊತ್ಕೊಂಡ್ ಹತ್ತಿಸ್ತೀರಾ ತಾತ?"

ಬ್ರೌಲಿಯೊ ಬೇಲಿ ಹತ್ತಿ ಒಳಗಿಳಿದ. ಹಸುವಿನ ಹಿಂದೆ ಹೋಗಿ, ಬಾಲ ಹಿಡಿದು, ಕುಚ್ಚಿನಿಂದ ಒಂದು ಹಿಡಿ ಬಿಳಿ ಕೂದಲು ಕಿತ್ತ. ಗ್ರಾಸಿಯೇಲಾ ಗೇಟಿನ ಹತ್ತಿರ ಪಟ್ಟಿ ಹಿಡಿದು ನಿಂತಿದ್ದಳು. ಅವಳ ಮುಂದೆ ಕೈ ಚಾಚಿದ.

"ಇದು ಅವಳದ್ದು," ಎಂದ.

"ಏನು?"

"ಇದು ಅವಳ ಕೂದಲು, ಗುರೀಸಾ. ನೀವು ಕಳ್ಸಿದ್ದು ಅವಳದಲ್ಲ. ಮಾರ್ಕೇಸಾದು. ನಾನೇ ಬದಲಾಯ್ಸಿ ಕೊಟ್ಟೆ."

ಲಾರಿಯವನು, ಇಬ್ಬರು ಕೆಲಸದವರು, ಎಲ್ಲರೂ ಕೇಳುವಂತೆಯೇ ಅವನು ಹೇಳಿದ. ತೊಗಲು, ಜೌಗಿನಲ್ಲಿ ಸತ್ತ ಸೊಟ್ಟಕೊಂಬಿನ ಹಸು, ಗಾಡಿಯ ಕಿಟಕಿ, ಹೆಣ್ಣಾ ಎಂದದ್ದು, ಹೆಣ್ಣು ಎಂದದ್ದು, ಕೊನೆಗೆ ಹೊಟ್ಟೆಯಲ್ಲಿರುವ ಕರು. ಒಂದು ಸಲ ಬಾಯಿ ಬಿಟ್ಟ ಮೇಲೆ ಹನ್ನೊಂದು ವರ್ಷವೂ ಐದು ನಿಮಿಷದಲ್ಲಿ ಮುಗಿದುಹೋಯಿತು.

ಗ್ರಾಸಿಯೇಲಾ ಪಟ್ಟಿಯಲ್ಲಿ ಒಂದು ಹೆಸರಿಗೆ ಗೀಟು ಹೊಡೆದಳು. ಆಮೇಲೆ ಲಾರಿಯವನಿಗೆ, "ಎಂಟೇ. ಹೊರಡಿ," ಎಂದಳು. ಲಾರಿ ಧೂಳೆಬ್ಬಿಸಿ ಹೋದ ಮೇಲೆ ಕೇಳಿದಳು: "ಅಪ್ಪಂಗೆ ಗೊತ್ತಿತ್ತಾ?"

"ಇಲ್ಲ."

"ಸಾಯೋ ಹಿಂದಿನ ವಾರನೂ ಫೋನಲ್ಲಿ ಅದರ ಮಾತೇ. ಸೆರೇನಾ ಹೋಗೋವಾಗ ನಮಗೊಬ್ಬಳನ್ನ ಬಿಟ್ಟು ಹೋಗ್ತಾಳೆ ಅಂತ." ಅವಳು ಪಟ್ಟಿಯನ್ನು ಮಡಚಿದಳು. "ಅದಕ್ಕೆ ನಂಗೆ ಸಿಟ್ಟಿಲ್ಲ, ದೋನ್ ಬ್ರೌಲಿಯೊ. ಕಾಯಿಲೆ ಮನುಷ್ಯಂಗೆ ಹೇಳಕ್ಕಾಗ್ಲಿಲ್ಲ, ಆಯ್ತು. ನಂಗೇನಾಗಿತ್ತು? ನಾನು ಚೆನ್ನಾಗೇ ಇದ್ನಲ್ಲ. ಅನುಮಾನ ಇದ್ರೆ ಹೇಳಿ ಅಂತ ಬಾಯಿ ಬಿಟ್ಟು ಕೇಳಿದ್ನಲ್ಲ."

ಅವಳು ಅವನ ಅಂಗೈಯಿಂದ ಕೂದಲು ತೆಗೆದುಕೊಂಡು ಕರವಸ್ತ್ರದಲ್ಲಿ ಕಟ್ಟಿಕೊಂಡಳು. ನಂತರ ಕೈ ಚಾಚಿದಳು. ಏನು ಕೇಳುತ್ತಿದ್ದಾಳೆಂದು ಅವನಿಗೆ ತಕ್ಷಣ ತಿಳಿಯಿತು. ಜೇಬಿನಿಂದ ನೋಟ್‌ಬುಕ್ಕು ತೆಗೆದು ಕೊಟ್ಟ, ಪೆನ್ಸಿಲ್ಲಿನ ಸಮೇತ.

ಎರಡನೆಯ ಸಲದ ಕಾಗದ ಮೇ ತಿಂಗಳಲ್ಲಿ ಬಂತು. ಪೊರ್ಫಿಯಾದಾಳ ಹೆಸರಿನ ಮುಂದೆ ತಂದೆ ಸಿಗಲಿಲ್ಲ, ತಾಯಿ ಸಿಗಲಿಲ್ಲ ಎಂದಿತ್ತು. ಅದರ ಕೆಳಗಿನ ಅಂಕಿಗಳನ್ನು ನೋಡಿ ಡಾಕ್ಟರಮ್ಮ ಎರಡು ಸಲ ಕನ್ನಡಕ ಒರೆಸಿಕೊಂಡಳು. ಸುಲಭವಾಗಿ ಈಯುವುದರಲ್ಲಿ, ಗಬ್ಬ ನಿಲ್ಲುವುದರಲ್ಲಿ, ಬಾಳಿಕೆಯಲ್ಲಿ ಮೂವತ್ತು ಹಸುಗಳಲ್ಲೂ ಅವಳೇ ಮೊದಲು. ಅವಳ ಗುಣಕ್ಕೆ ಸೆರೇನಾಳ ಹೆಸರಿನ ಹಂಗು ಎಂದೂ ಇರಲಿಲ್ಲ. ಜೌಗಿನಲ್ಲಿ ಸತ್ತ ಆ ಸೊಟ್ಟಕೊಂಬಿನವಳಿಗೆ ಒಂದು ಹೆಸರು ಕೂಡ ಇರಲಿಲ್ಲ, ನಂಬರೂ ಯಾರಿಗೂ ನೆನಪಿಲ್ಲ.

ಗ್ರಾಸಿಯೇಲಾ ತಾನೇ ತಳಿಸಂಘಕ್ಕೆ ಕಾಗದ ಬರೆದಳು. ಪೊರ್ಫಿಯಾದಾ ಮತ್ತು ಅವಳ ಸಂತಾನದ ಹದಿನೇಳು ದನಗಳು ವಂಶಾವಳಿಯ ದಫ್ತರದಿಂದ ಹೊರಬಿದ್ದವು. ಹಿಂದೆ ಅವಳ ಮಕ್ಕಳನ್ನು ಕೊಂಡವರಿಗೆಲ್ಲ ಒಬ್ಬೊಬ್ಬರಿಗಾಗಿ ಫೋನು ಮಾಡಿ ಹೇಳಿದಳು. ಬ್ರೆಜಿಲಿನವರು ಆ ವರ್ಷ ಬರಲಿಲ್ಲ. ಆದರೆ ಹಸುಗಳನ್ನು ಅವಳು ಮಾರಲಿಲ್ಲ. ಬೇರೆ ಬಯಲಿನಲ್ಲಿ, ಕಾಗದವಿಲ್ಲದ ಹಿಂಡೆಂದು, ಅಂಕಿಗಳನ್ನೇ ನಂಬಿ ಬೆಳೆಸತೊಡಗಿದಳು. ಅದರ ಮೇಸ್ತ್ರಿ ಬ್ರೌಲಿಯೊನೇ. ಅವನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ, ಯಾರೂ ಬೈಯಲಿಲ್ಲ. ಊರ ಅಂಗಡಿಯಲ್ಲಿ ಮಾತ್ರ, ಯಾರಾದರೂ ಮಳೆ ಬರುತ್ತದೆ ಎಂದರೆ ಇನ್ನೊಬ್ಬ, "ತೆಚೇರಾ ಏನಂದ?" ಎನ್ನುತ್ತಿದ್ದ. ಎಲ್ಲರೂ ನಗುತ್ತಿದ್ದರು. ಬ್ರೌಲಿಯೊ ಅಂಗಡಿಗೆ ಹೋಗುವುದನ್ನು ಬಿಟ್ಟ. ಕೈ ಆಗಾಗ ಜೇಬಿಗೆ ಹೋಗುತ್ತಿತ್ತು, ಖಾಲಿ ಜೇಬು ಮುಟ್ಟಿ ಹಿಂದಿರುಗುತ್ತಿತ್ತು.

ಸೆಪ್ಟೆಂಬರಿನ ಒಂದು ಬೆಳಗ್ಗೆ, ಹುಲ್ಲಿನ ಮೇಲಿನ ಹಿಮ ಕರಗುವ ಹೊತ್ತಿಗೆ, ಪೊರ್ಫಿಯಾದಾ ಹತ್ತನೆಯದನ್ನು ಹಾಕಿದಳು. ಬ್ರೌಲಿಯೊ ಮೂವತ್ತು ಹೆಜ್ಜೆ ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂತು ಮೊದಲಿಂದ ಕೊನೆಯವರೆಗೂ ನೋಡಿದ. ಕೈ ಹಚ್ಚುವ ಕೆಲಸವೇ ಬೀಳಲಿಲ್ಲ. ಕರು ಬಿದ್ದ ಹತ್ತು ನಿಮಿಷಕ್ಕೆ ಎದ್ದು ನಿಂತು, ತಾಯಿಯ ಕಾಲಿಗೆ ಡಿಕ್ಕಿ ಹೊಡೆಯಿತು. ಅವನು ಫೋನು ಮಾಡಿದ. ಗ್ರಾಸಿಯೇಲಾ ಬಂದಳು. ಅವಳ ಕೈಯಲ್ಲಿ ಹೊಸ ನೋಟ್‌ಬುಕ್ಕಿತ್ತು.

"ಹೆಣ್ಣಾ?" ಎಂದಳು.

"ಹೆಣ್ಣು, ಪತ್ರೋನಾ. ಪೊರ್ಫಿಯಾದಾಳದ್ದು."

"ನೀವೇ ಕಣ್ಣಾರೆ ನೋಡಿದ್ರಾ?"

ಮೂವತ್ತೆಂಟು ವರ್ಷದಲ್ಲಿ ಆ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ.

"ನೋಡಿದೆ," ಎಂದ.

ಅವಳು ತಲೆಯಾಡಿಸಿ ಬರೆದುಕೊಂಡಳು. ಆಮೇಲೆ ಕರುವಿನ ಪಕ್ಕ ಮಂಡಿಯೂರಿ, ಇನ್ನೂ ಒದ್ದೆಯಾಗಿದ್ದ ಬಾಲದಿಂದ ನಾಲ್ಕು ಕೂದಲು ಕಿತ್ತು ಕಾರ್ಡಿಗೆ ಅಂಟಿಸಿದಳು.